ಪಾಳೆಯಗಾರನ ಎಡೆ

"ಇದೇನ್ಲಾ ಲೋಕೇಶ, ನಮ್ಮವ್ವ ಎಲ್ಲಿ?"

ಹಜಾರದ ಗೋಡೆಗೆ ಒರಗಿಸಿಟ್ಟಿದ್ದ ಆಳೆತ್ತರದ ವಂಶವೃಕ್ಷದ ಚೌಕಟ್ಟಿನ ಮುಂದೆ ನಿಂತು ಸೊಣ್ಣಮ್ಮ ಮೂರನೆಯ ಸಲ ಕೇಳಿದಳು. ಮಗ ಫೋನಿನಿಂದ ತಲೆ ಎತ್ತಲಿಲ್ಲ.

ಕೂಡಿಸಿ ಓದುವಷ್ಟು ಅಕ್ಷರ ಅವಳಿಗೆ ಬರುತ್ತಿತ್ತು. ಚಿನ್ನದ ಬಣ್ಣದ ಎಲೆಗಳ ನಡುವೆ ಮಾವ, ಅತ್ತೆ, ಗಂಡ ಹನುಮಂತಯ್ಯ, ಎಲ್ಲರೂ ಸಿಕ್ಕರು. ಎಲ್ಲರಿಗಿಂತ ಮೇಲೆ, ಕಿರೀಟದ ಕೆಳಗೆ, ಕತ್ತಿ ಹಿಡಿದು ಮೀಸೆ ತಿರುವಿದ ಒಬ್ಬ ಅಪರಿಚಿತನೂ ಸಿಕ್ಕ. ಅವ್ವ ಮುನಿತಾಯಮ್ಮ ಮಾತ್ರ ಇರಲಿಲ್ಲ. ಸೊಣ್ಣಮ್ಮನ ಚಿತ್ರ ಹೆತ್ತವರಿಲ್ಲದೆ ಗಂಡನ ಪಕ್ಕಕ್ಕೆ ಅಂಟಿಕೊಂಡಿತ್ತು.

ಇದೆಲ್ಲ ಶುರುವಾದದ್ದು ಪಕ್ಕದ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷ ಭಾನುಪ್ರಕಾಶನಿಂದ. ಅವನ ಮನೆಯಲ್ಲಿ ವಂಶವೃಕ್ಷ ಮಾಡಿಸುತ್ತಿದ್ದಾರೆಂದು ಕೇಳಿದ ದಿನದಿಂದ ಲೋಕೇಶನಿಗೆ ಉಂಡದ್ದು ಮೈಗೆ ಹತ್ತಲಿಲ್ಲ. ಬೆಳ್ಳಂದೂರಿನಲ್ಲಿ ನಾಲ್ಕು ಪಿ.ಜಿ. ಕಟ್ಟಡ ಇಟ್ಟುಕೊಂಡವನು ಯಾರಿಗೆ ಕಮ್ಮಿ? ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಕೊಡೆಯ ಬದಲು ಮರ ಹಿಡಿದ. ಮೂರು ವಾರ ಕೂತು ಸಾಫ್ಟ್‌ವೇರ್ ಆರಿಸಿದ. ಮಗಳಿಗೆ ಗಂಡು ಹುಡುಕುವಾಗಲೂ ಇಷ್ಟು ಸೋಸಿರಲಿಲ್ಲ.

ಮೊದಲನೆಯದು ಪುಕ್ಕಟೆ, ಆದರೆ ಬರೀ ಕಪ್ಪುಬಿಳುಪು ಚೌಕಗಳು. "ವೋಟರ್ ಲಿಸ್ಟ್ ಇದ್ದಂಗಿದೆ" ಎಂದು ಬಿಟ್ಟ. ಎರಡನೆಯದು ಡಿ.ಎನ್.ಎ. ಪರೀಕ್ಷೆಗೆ ಕೊಳವೆಯಲ್ಲಿ ಎಂಜಲು ತುಂಬಿ ವಿದೇಶಕ್ಕೆ ಕಳಿಸು ಎಂದಿತು. ಅದರಲ್ಲಿ ಏನೇನು ಹೊರಬೀಳುತ್ತದೋ ಎಂದು ಹೆದರಿ ಅದನ್ನೂ ಬಿಟ್ಟ. ಮೂರನೆಯದರಲ್ಲಿ ಚಿನ್ನದ ಎಲೆಗಳಿದ್ದವು, ಕಿರೀಟವಿತ್ತು. ಹೆಸರು ಹಾಕುತ್ತಿದ್ದಂತೆ ಹೊಂದುವ ಪೂರ್ವಜರನ್ನು ಅದೇ ಹುಡುಕಿ ಕೊಡುತ್ತಿತ್ತು. ಮುತ್ತಾತ ಚಿಕ್ಕಮುನಿಯಪ್ಪನ ಹೆಸರು ಹಾಕಿದ್ದೇ ತಡ, ಯಾರೋ ತಮ್ಮ ಮರಕ್ಕೆ ಏರಿಸಿದ್ದ ಒಬ್ಬ ಪಾಳೆಯಗಾರನನ್ನು ತಂದು ನಿಲ್ಲಿಸಿ, ಇವನ ತಂದೆ ಇವರೇ ಇರಬಹುದೇ ಎಂದು ಕೇಳಿತು. ಬೇಡ ಅನ್ನುವುದಕ್ಕೆ ಲೋಕೇಶನಿಗೇನು ಹುಚ್ಚೇ? ಬದುಕೆಲ್ಲ ಕೆರೆಯ ಹೂಳು ಹೊತ್ತ ಚಿಕ್ಕಮುನಿಯಪ್ಪ, ಮರಿಮಗ ಬೆರಳು ಒತ್ತಿದ್ದಕ್ಕೆ ರಾಜಕುಮಾರನಾದ.

"ಸಾಫ್ಟ್‌ವೇರ್ ಒಪ್ಪಲ್ಲ ಕಣಮ್ಮ," ಎಂದ ಲೋಕೇಶ ಕೊನೆಗೆ. "ಅಜ್ಜಿ ನಿಂಗೆ ಅಮ್ಮ, ಅಪ್ಪಂಗೆ ಅಕ್ಕ. ಎರಡು ಕಡೆ ಬರ್ತಾರೆ. ಬಂದಾಗೆಲ್ಲ ಕೆಂಪು ಗುರುತು ತೋರಿಸ್ತಿತ್ತು, ಸಂಬಂಧ ಸರಿ ಇದ್ಯಾ ಚೆಕ್ ಮಾಡಿ ಅಂತ. ಒಂದು ಕಡೆ ಡಿಲೀಟ್ ಮಾಡ್ದೆ, ಎರಡೂ ಕಡೆ ಹೋಯ್ತು. ನೀಟಾಗಿ ಕಾಣ್ತು, ಬಿಟ್ಬಿಟ್ಟೆ."

"ಸೋದರಮಾವನ್ನ ಕಟ್ಕಂಡ್ರೆ ತಪ್ಪೇನ್ಲಾ?"

"ನಮಗೆ ತಪ್ಪಲ್ಲ. ಮಧ್ಯಾಹ್ನ ಭಾನುಪ್ರಕಾಶ್ ಸಾರ್, ಅವರ ಮಿಸೆಸ್ ಊಟಕ್ಕೆ ಬರ್ತಾರೆ. ಅವರ ಮುಂದೆ ಅದೆಲ್ಲ ಯಾಕೆ?"

"ನಮ್ಮವ್ವ ತಪ್ಪಾದ್ರೆ ನಾನೂ ತಪ್ಪು. ನಾನು ತಪ್ಪಾದ್ರೆ ನೀನೆಲ್ಲಿಂದ ಉದುರ್ದೆ? ನಿನ್ನ ಎಸರ್ನೂ ಅಳಿಸ್ಲಾ ಮೂದೇವಿ."

ಲೋಕೇಶ ಮತ್ತೆ ಫೋನಿಗೆ ತಲೆ ಬಗ್ಗಿಸಿದ.

ಅಂದು ಹಿರಿಯರ ಹಬ್ಬ. ತೀರಿಹೋದವರ ಹೆಸರಿಗೆ ಒಂದೊಂದು ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಹೊಸ ಬಟ್ಟೆ ಇಟ್ಟು, ಅವರು ಬಂದು ಉಣ್ಣಲೆಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚುವುದು, ತೆರೆದ ಮೇಲೆ ಧೂಪ ಹಾಕಿ ಅಡ್ಡಬೀಳುವುದು ಆ ಮನೆಯ ಪದ್ಧತಿ. ಈ ವರ್ಷ ಲೋಕೇಶ ಎಲೆಗಳನ್ನೂ ಚೌಕಟ್ಟಿನ ಪ್ರಕಾರವೇ ಹಾಕಿಸಿದ್ದ. ಆರು ಎಲೆ. ನಡುವಿನ ದೊಡ್ಡ ಎಲೆ ಪಾಳೆಯಗಾರನದು, ಅದರ ಮುಂದೆ ರೇಷ್ಮೆ ಪಂಚೆ.

"ಅವ್ವಂಗೊಂದು ಎಲೆ ಆಕ್ತೀನಿ," ಎಂದಳು ಸೊಣ್ಣಮ್ಮ.

"ಬೇಡಮ್ಮ. ಮರದಲ್ಲಿ ಇಲ್ಲದವರಿಗೆ ಎಲೆ ಇದ್ರೆ ಯಾರದು ಅಂತ ಕೇಳ್ತಾರೆ. ಮುಂದಿನ ವರ್ಷ ನೋಡೋಣ."

ಸೊಣ್ಣಮ್ಮ ಎತ್ತಿಕೊಂಡಿದ್ದ ಎಲೆಯನ್ನು ಕೆಳಗಿಟ್ಟಳು. ಗಂಡ ಸತ್ತಾಗ ಕೈಗೂಸನ್ನೆತ್ತಿಕೊಂಡು ಇದೇ ತವರಿಗೆ ಬಂದವಳು ಅವ್ವ. ಕೆರೆಯಂಚಿನಲ್ಲಿ ಸೊಪ್ಪು ಬೆಳೆದು, ತಲೆಯ ಮೇಲೆ ಹೊತ್ತು ಮಾರಿ, ತಮ್ಮನನ್ನೂ ಮಗಳನ್ನೂ ಸಾಕಿದವಳು. ಈ ಲೋಕೇಶನಿಗೆ ಮೂರು ವರ್ಷವಾದರೂ ನಡೆಯಲು ಬಾರದಿದ್ದಾಗ ಅವನನ್ನು ಸೊಂಟದಿಂದ ಇಳಿಸದವಳು. ಅವಳ ಎಲೆಅಡಿಕೆ ಚೀಲದ ದಾರ ಚೀಪುತ್ತಲೇ ಇವನು ಬೆಳೆದದ್ದು. ಅಂಥವಳಿಗೆ ವರ್ಷಕ್ಕೊಂದು ತುತ್ತು. ಅದನ್ನೂ ಕಿತ್ತು, ಮೊನ್ನೆ ಫೋನಿನಲ್ಲಿ ಹುಟ್ಟಿದವನಿಗೆ ದೊಡ್ಡ ಎಲೆ! ಹೆತ್ತ ಮಗನ ಮೇಲೆ ಅವಳಿಗೆ ಇಷ್ಟು ಹೇಸಿಗೆ ಎಂದೂ ಆಗಿರಲಿಲ್ಲ.

ಹನ್ನೆರಡೂವರೆಗೆ ಭಾನುಪ್ರಕಾಶ, ಅವನ ಹೆಂಡತಿ ವೇಣಿ ಬಂದರು. ಸೊಣ್ಣಮ್ಮ ಹಿರಿಯರ ಎಡೆ ಬಡಿಸುತ್ತಿದ್ದಳು. ಯಾರಿಗೆ ಏನು ಇಷ್ಟ ಎನ್ನುವುದು ಆ ಮನೆಯಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು. ಗಂಡನಿಗೆ ತಲೆಮಾಂಸ, ಒಂದು ಕಟ್ಟು ಬೀಡಿ. ಅತ್ತೆಗೆ ಕಜ್ಜಾಯ. ಚಿಕ್ಕಮುನಿಯಪ್ಪನಿಗೆ ಒಣಮೀನು. ದೊಡ್ಡ ಎಲೆಯ ಮುಂದೆ ಬಂದು ಸೌಟು ಹಿಡಿದು ನಿಂತಳು.

"ಈವಪ್ಪಂಗೆ ಏನಿಷ್ಟ?"

ಲೋಕೇಶ ಫೋನ್ ತಡಕಿದ. ಅದರಲ್ಲಿ ಯುದ್ಧ, ಕೋಟೆ, ಕುದುರೆ ಎಲ್ಲವೂ ಇದ್ದವು, ಊಟದ ಸುದ್ದಿ ಇರಲಿಲ್ಲ.

"ಏನಾದ್ರೂ ಹಾಕಮ್ಮ. ನಿಂಗೆ ತಿಳಿದಂಗೆ."

"ನಂಗೆ ತಿಳಿದಂಗೆ ತಾನೆ? ಸರಿ, ನೀವೆಲ್ಲ ಆಚೆ ನಡೀರಿ. ಬಡಿಸ್ಬಿಟ್ಟು ಬಾಗ್ಲು ಎಳ್ಕಂಡು ಬತ್ತೀನಿ."

ಜಗಲಿಯಲ್ಲಿ ಲೋಕೇಶ ಪಾಳೆಯಗಾರನ ಪ್ರತಾಪ ಹೇಳತೊಡಗಿದ. ಭಾನುಪ್ರಕಾಶ ಸ್ವಲ್ಪ ಹೊತ್ತು ಕೇಳಿ, ಮೆಲ್ಲಗೆ ತನ್ನ ಫೋನ್ ತೆರೆದು ತೋರಿಸಿದ. ಅದೇ ಚಿನ್ನದ ಎಲೆ, ಅದೇ ಕಿರೀಟ, ಅದೇ ಮೀಸೆ.

"ನಮ್ಮದೂ ಇವರಿಂದಾನೇ ಶುರುವಾಗೋದು," ಎಂದ.

ಇಬ್ಬರೂ ಎದುರಿನ ಟೆಕ್ ಪಾರ್ಕಿನ ಗಾಜಿನ ಕಡೆ ನೋಡುತ್ತ ನಿಂತರು. ನಾಚಿಕೆಯಾಗಬೇಕಾದ ಜಾಗದಲ್ಲಿ ಲೋಕೇಶನಿಗೆ ಸಂತೋಷ ಉಕ್ಕಿತು. "ಹಂಗಾದ್ರೆ ನಾವು ದಾಯಾದಿಗಳಾದ್ವಿ ಸಾರ್!" ಎಂದು ಕೈ ಕುಲುಕಿದ.

ಸೊಣ್ಣಮ್ಮ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ತಾನೇ ಬಾಗಿಲು ತಟ್ಟಿ ತೆರೆದಳು.

ದೊಡ್ಡ ಎಲೆಯಲ್ಲಿ ರಾಗಿಮುದ್ದೆ, ಹುರುಳಿಕಾಳಿನ ಬಸ್ಸಾರು, ದಂಟಿನ ಸೊಪ್ಪಿನ ಪಲ್ಯ. ಅಂಚಿನಲ್ಲಿ ಒಂದೆಸಳು ಹೊಗೆಸೊಪ್ಪು. ರೇಷ್ಮೆ ಪಂಚೆ ಇರಲಿಲ್ಲ. ಅದರ ಜಾಗದಲ್ಲಿ ಅಂಚು ಕಾಣದಂತೆ ಮಡಿಸಿದ ನೂಲಿನ ಸೀರೆ, ಅದರ ಮೇಲೆ ಮಾಸಿದ ಎಲೆಅಡಿಕೆ ಚೀಲ.

"ಪಾಳೆಯಗಾರ್ರು ಹೊಗೆಸೊಪ್ಪು ಹಾಕ್ತಿದ್ರಾ?" ಎಂದಳು ವೇಣಿ.

"ಉಂಡ ಮೇಲೆ ಒಂದೆಸಳು ಬೇಕೇ ಬೇಕಿತ್ತು ತಾಯಿ," ಎಂದಳು ಸೊಣ್ಣಮ್ಮ.

ಲೋಕೇಶನ ಕಣ್ಣು ಚೀಲದ ಮೇಲೆ ನಿಂತಿತು. ಅಷ್ಟರಲ್ಲಿ ಭಾನುಪ್ರಕಾಶ, ತನಗೂ ಮೂಲಪುರುಷನಾದ್ದರಿಂದ, ಕನ್ನಡಕ ತೆಗೆದು ಜೇಬಿಗಿಟ್ಟು ದೊಡ್ಡ ಎಲೆಯ ಮುಂದೆ ಉದ್ದಕ್ಕೂ ಅಡ್ಡಬಿದ್ದ. ವೇಣಿಯೂ ಮಂಡಿಯೂರಿ ಹಣೆ ಮುಟ್ಟಿಸಿದಳು.

"ನಿಂತ್ಕಂಡ್ ಏನ್ ನೋಡ್ತೀಯ? ಬೀಳ್ಲಾ," ಎಂದಳು ಸೊಣ್ಣಮ್ಮ ಮಗನಿಗೆ.

ಲೋಕೇಶ ಧೂಪ ಹಾಕಿ ನೆಲಕ್ಕೆ ಬಿದ್ದ. ಚೀಲದ ದಾರ ಅವನ ಮೂಗಿನ ಹತ್ತಿರವೇ ಇಳಿಬಿದ್ದಿತ್ತು. ಅದರ ತುದಿ ಚೀಪಿ ಚೀಪಿ ಗಂಟುಗಂಟಾಗಿತ್ತು. ಉಳಿದವರೆಲ್ಲ ಎದ್ದರು, ಅವನು ಬೇಗ ಏಳಲಿಲ್ಲ.