ಮಾಸ್ತರರು ಬಡಿಯುವ ಜಾಗ

ನಾನು ಒಂದು ಮುಚ್ಚಳ. ಕಾರಿನಲ್ಲಿ ಚಾಲಕನ ಎಡಗಡೆ ಕುಳಿತವರ ಮೊಣಕಾಲಿನ ಮುಂದೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದಲ್ಲ, ಅದರ ಬಾಗಿಲು. ಗ್ಲೋವ್ ಬಾಕ್ಸ್ ಎನ್ನುತ್ತಾರೆ. ಚಳಿಯ ದೇಶದವರು ಅದರೊಳಗೆ ಕೈಗವಸು ಇಡುತ್ತಿದ್ದರಂತೆ. ಹುಬ್ಬಳ್ಳಿಯ ಬಿಸಿಲಲ್ಲಿ ಕೈಗವಸು ಯಾರಿಗೆ ಬೇಕು ಹೇಳಿ!

ಕಾರ್ಖಾನೆಯಲ್ಲಿ ಬಿಸಿ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ನನ್ನನ್ನು ಹೊರತೆಗೆದರು. ಬಣ್ಣ ಬೂದಿ, ಮೈಮೇಲೆ ಚರ್ಮದ ಹಾಗೆ ಕಾಣಲೆಂದು ಸುಳ್ಳು ಗೆರೆಗಳು. ಹುಟ್ಟಿದ ಗಳಿಗೆಯಿಂದಲೂ ನಾನು ಬೇರೆ ಏನೋ ಆಗಿ ಕಾಣಬೇಕೆಂಬುದೇ ಜನರ ಆಸೆ. ಇರಲಿ, ನನಗೇನೂ ಬೇಸರವಿಲ್ಲ.

ಮೊದಲ ಯಜಮಾನರು ಗದಗಿನ ಹಲ್ಲಿನ ಡಾಕ್ಟರು. ಊರ ಮಕ್ಕಳಿಗೆಲ್ಲ ಸಿಹಿ ತಿನ್ನಬೇಡಿ ಎಂದು ಬುದ್ಧಿ ಹೇಳಿ, ಬಂದು ನನ್ನ ಹಿಂದಿನಿಂದ ಚಾಕಲೇಟು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬೇಸಿಗೆಯಲ್ಲಿ ಅದು ಕರಗಿ ನನ್ನ ಸಂದಿಗೆಲ್ಲ ಅಂಟಿತು. ಹೆಂಡತಿಗೆ ಒಂದು ದಿನ ಗೊತ್ತಾಯಿತು. ಆಮೇಲೆ ಅಲ್ಲಿ ಕಡಲೆ ಇಟ್ಟರು, ಪಾಪ.

ಅವರಿಂದ ನಮ್ಮ ಕಾರನ್ನು ಕೊಂಡವರು ಹುಬ್ಬಳ್ಳಿಯ ಫಕೀರಪ್ಪ ಮಾಸ್ತರರು. ಡ್ರೈವಿಂಗ್ ಕಲಿಸುವವರು. ತಂದ ವಾರವೇ ಎಡಗಡೆಯೂ ಒಂದು ಬ್ರೇಕು ಕೂರಿಸಿದರು, ಕಲಿಯುವವರು ತಪ್ಪಿದರೆ ತಾವು ಒತ್ತಲೆಂದು. ಆದರೆ ಅವರ ನಿಜವಾದ ಬ್ರೇಕು ಅವರ ಗಂಟಲು.

"ಏ ತಮ್ಮಾ, ನಿಲ್ಲಸೋ! ಅದು ಎಮ್ಮಿ ಐತಿ, ಹಾರ್ನ್ ಹೊಡದ್ರ ಹಾರಿ ಹೋಗೂದಿಲ್ಲ!"

ಬೀದಿಯ ಆ ತುದಿಗೂ ಕೇಳುತ್ತಿತ್ತು. ಆ ಗಂಟಲಿಗೇ ಹುಣ್ಣಾಯಿತು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಬಾಯಿ ತೆರೆದರೆ ಬರೀ ಗಾಳಿ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ಡ್ರೈವಿಂಗ್ ಕಲಿಸುವವನು ಆ ಬಂಗಾರ ಕಟ್ಟಿಕೊಂಡು ಏನು ಮಾಡಬೇಕು?

ಮಾಸ್ತರರು ಸುಮ್ಮನೆ ಕೂರಲಿಲ್ಲ. ಬೆರಳು ಮಡಚಿ, ಗೆಣ್ಣಿನಿಂದ ನನ್ನನ್ನು ಬಡಿಯತೊಡಗಿದರು. ಅವರ ಹೆಂಡತಿ ಇಂದ್ರವ್ವ ಮನೆಯಲ್ಲಿ ಕುಬಸ, ಅಂದರೆ ರವಿಕೆ, ಹೊಲಿಯುವವಳು. ಹೊಸದಾಗಿ ಕಲಿಯಲು ಬಂದ ಪ್ರತಿಯೊಬ್ಬರಿಗೂ ಅವಳು ಕಾರಿನ ಕಿಟಕಿಗೆ ಬಂದು ಹೇಳುತ್ತಿದ್ದಳು: "ಒಂದು ಬಡದ್ರ ನಿಲ್ಲಸು. ಎರಡು ಬಡದ್ರ ಸಾವಕಾಶ. ಮೂರು ಬಡದ್ರ ದಾರಿ ಖಾಲಿ ಐತಿ, ನಡಿ. ಇಷ್ಟ."

ಹೀಗೆ ನಾನು ಮಾಸ್ತರರ ದನಿಯಾದೆ. ಚಾಕಲೇಟಿಗೆ ಬಾಗಿಲಾಗಿದ್ದವನಿಗೆ ಇದು ಸಣ್ಣ ಮಾತಲ್ಲ. ಬೈಗುಳವಿಲ್ಲದ ಪಾಠ ಎಂದು ಜನ ಹುಡುಕಿಕೊಂಡು ಬಂದರು. ನನಗೂ ಸ್ವಲ್ಪ ಕೊಬ್ಬು ಬಂತೆನ್ನಿ.

ಆದರೆ ಬಿಸಿಲು ಯಾರನ್ನು ಬಿಟ್ಟೀತು? ನನ್ನ ಮೈ ಬಿಳಿಚಿತು, ಮೇಲಿನ ಪದರ ಏಳತೊಡಗಿತು. ಇಡೀ ಡ್ಯಾಶ್‌ಬೋರ್ಡು ಮುಟ್ಟಿದರೆ ಅಂಟುತ್ತಿತ್ತು. ಅಷ್ಟರಲ್ಲಿ ಎದುರು ಸಾಲಿನಲ್ಲಿ ಹೊಸ ಡ್ರೈವಿಂಗ್ ಸ್ಕೂಲು ಬಂತು, ಕಾರುಗಳು ಫಳಫಳ. ಒಂದು ದಿನ ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬಳು ಒಳಗೆ ಇಣುಕಿದಳು. "ಇದು ಭಾಳ ಹಳೇದಾಗೈತಲ್ರೀ," ಎಂದು ಮೂಗು ಮುರಿದು ಎದುರಿಗೆ ಹೋದಳು. ಇಂದ್ರವ್ವ ಅದನ್ನು ಕೇಳಿಸಿಕೊಂಡಳು.

ಮುಂದಿನ ಭಾನುವಾರ ಮಾಸ್ತರರು ನೆಂಟರ ಮದುವೆಗೆ ಹೋದರು. ಇಂದ್ರವ್ವ ತೇಗದ ಕಟ್ಟಿಗೆಯ ಡಿಸೈನಿನ ವಿನೈಲ್ ಹಾಳೆ ಹಿಡಿದು ಬಂದಳು. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತಿದ್ದಳು. ಸೋಪಿನ ನೀರಲ್ಲಿ ನನ್ನನ್ನು ತಿಕ್ಕಿದಳು, ಸ್ಪಿರಿಟ್ ಹಚ್ಚಿ ಒರೆಸಿದಳು. ಡಾಕ್ಟರ ಚಾಕಲೇಟು ಕೊನೆಗೂ ಹೋಯಿತು! ಕುಬಸಕ್ಕೆ ಮಾಡುವಂತೆ ಮೊದಲು ಪೇಪರಿನಲ್ಲಿ ಅಳತೆ ಕತ್ತರಿಸಿಕೊಂಡಳು. ಪಕ್ಕದ ಬ್ಯೂಟಿ ಪಾರ್ಲರಿನಿಂದ ತಂದ ಡ್ರೈಯರಿನ ಬಿಸಿಗಾಳಿ ಬಿಟ್ಟು, ಹಾಳೆಯನ್ನು ಎಳೆದೆಳೆದು ಕೂರಿಸಿದಳು. ನನ್ನ ಮೂಲೆಯಲ್ಲಿ ನೆರಿಗೆ ಎದ್ದಿತು.

"ನಿನ್ನಂಥಾ ಮೂಲಿ ಎಷ್ಟು ನೋಡೀನಿ. ಕುಬಸಕ್ಕ ತೋಳು ಹಚ್ಚಾಕೀಗೆ ಇದೇನ್ ಹೆಚ್ಚಿಂದು?" ಎಂದು ಇನ್ನೊಮ್ಮೆ ಬಿಸಿ ಮಾಡಿ ಎಳೆದಳು. ನೆರಿಗೆ ಹೋಯಿತು. ಒಂದೇ ಮಧ್ಯಾಹ್ನದಲ್ಲಿ ನಾನು ಪ್ಲಾಸ್ಟಿಕ್ಕಿನಿಂದ ತೇಗವಾದೆ. ಹಾರ್ನು ಕೆಮ್ಮುತ್ತಿತ್ತು, ಸೀಟು ಕಿರುಗುಟ್ಟುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬಂತಾಗಿತ್ತು ನಮ್ಮ ಸ್ಥಿತಿ. ಆದರೂ ಸತ್ಯ ಹೇಳುತ್ತೇನೆ, ನನಗೆ ಬಹಳ ಸಂತೋಷವಾಯಿತು.

ಹಾಳೆ ಹಚ್ಚುವ ಮೊದಲು ಅವಳು ಇನ್ನೊಂದು ಕೆಲಸ ಮಾಡಿದ್ದಳು. ಬಡಿದು ಬಡಿದು ಗಂಡನ ಬೆರಳಿನ ಗೆಣ್ಣು ಬಾತಿದ್ದನ್ನು ದಿನವೂ ನೋಡುತ್ತಿದ್ದಳು. ಅವರು ಬಡಿಯುವ ಜಾಗದಲ್ಲಿ, ಹೊಲಿಗೆಯಲ್ಲಿ ಉಳಿದಿದ್ದ ದಪ್ಪ ಫೋಮಿನ ತುಂಡೊಂದನ್ನು ಅಂಟಿಸಿ, ಅದರ ಮೇಲೆ ಹಾಳೆ ಮುಚ್ಚಿದಳು.

ಸಂಜೆ ಮಾಸ್ತರರು ಬಂದು ನೋಡಿದರು. ನನ್ನನ್ನು ಸವರಿದರು, ಮೆತ್ತಗಿನ ಜಾಗವನ್ನು ಒತ್ತಿ ನೋಡಿದರು. ಕಣ್ಣು ತುಂಬಿಕೊಂಡಿತ್ತು.

ಮರುದಿನ ಬೆಳಿಗ್ಗೆ ಸ್ಟೀರಿಂಗ್ ಹಿಡಿದಿದ್ದವಳು ಸುನಂದಾ ಎಂಬ ಟೀಚರು. ಅಡ್ಡರಸ್ತೆಯಿಂದ ಗೂಡ್ಸ್ ಆಟೋ ನುಗ್ಗಿತು. ಮಾಸ್ತರರು ಒಂದು ಬಡಿದರು. ಪುಸ್. ಅಷ್ಟೇ. ಮತ್ತೆ ಬಡಿದರು. ಪುಸ್. ಅಯ್ಯೋ, ನಾನು ಗಟ್ಟಿಯಾಗಿ ಕೂಗಬೇಕೆಂದುಕೊಂಡೆ, ಬಾಯಿಗೆ ಹತ್ತಿ ತುರುಕಿದಂತಿತ್ತು. ಅವರೇ ತಮ್ಮ ಬ್ರೇಕು ತುಳಿದರು. ಕಾರು ಜರ್ಕು ಹೊಡೆದು ಆಟೋಗೆ ಗೇಣು ದೂರದಲ್ಲಿ ನಿಂತಿತು.

"ನೀವು ಬಡೀಲೇ ಇಲ್ಲಲ್ರೀ ಮಾಸ್ತರ!" ಸುನಂದಾ ಸ್ಟೀರಿಂಗ್ ಬಿಟ್ಟು ಅವರತ್ತ ತಿರುಗಿದಳು.

ಆ ವಾರ ಅವರು ಏನೆಲ್ಲ ಮಾಡಿದರು. ಫೋಮಿನ ಪಕ್ಕದಲ್ಲಿ ಬಡಿದರೂ ಸದ್ದು ಮಂಕಾಗಿಯೇ ಬರುತ್ತಿತ್ತು. ಕಿಟಕಿಯ ಗಾಜು ಬಡಿದರೆ ಕಲಿಯುವವರು ಹೊರಗೆ ಯಾರೋ ಕರೆದರೆಂದು ತಿರುಗಿ ನೋಡುತ್ತಿದ್ದರು. ಅಂಗೈಯಿಂದ ನನ್ನನ್ನು ಗುದ್ದಿದರೆ ಹೆದರಿ ನಡುರಸ್ತೆಯಲ್ಲೇ ಸ್ಟೀರಿಂಗ್ ಕೈಬಿಡುತ್ತಿದ್ದರು. ಒಬ್ಬೊಬ್ಬರಾಗಿ ಎದುರಿನ ಸ್ಕೂಲಿಗೆ ಹೋದರು.

ಮನೆಯಲ್ಲಿ ಇಂದ್ರವ್ವ ಕೇಳುತ್ತಿದ್ದಳು, "ಈಗ ಬೆರಳಿಗೆ ಆರಾಮ ಆತೇನ್ರಿ?" ಮಾಸ್ತರರು ಹೌದೆಂದು ತಲೆಯಾಡಿಸುತ್ತಿದ್ದರು. ಒಂದು ಚೀಟಿ ಬರೆದರೆ ಮುಗಿಯುತ್ತಿತ್ತು. ಬರೆಯಲಿಲ್ಲ. ಪ್ರೀತಿಯಿಂದ ಮಾಡಿದ್ದನ್ನು ತಪ್ಪು ಎನ್ನಲು ಅವರಿಗೆ ಮನಸ್ಸು ಬರಲಿಲ್ಲ. ಕೊನೆಗೆ ಒಂದು ದಿನ ಕಾರಿನ ಕೀಲಿಯನ್ನು ಅವಳ ಕೈಗಿಟ್ಟು, ಇನ್ನು ಸಾಕು ಎಂದು ಸನ್ನೆ ಮಾಡಿದರು.

ಇಂದ್ರವ್ವನಿಗೆ ಸಿಟ್ಟು ಬಂತು. "ಕಾರು ಹೊಸಾದ್ರಂಗ ಮಾಡೀನಿ, ಈಗ ಸಾಲಿ ಮುಚ್ಚತೇನಂತೀರಿ? ಊರಿಗೆಲ್ಲ ಕಲಿಸಿದ್ರಿ, ಮನ್ಯಾಗಿನ ಹೆಂಡ್ತಿಗೆ ಕಲಿಸಿಲ್ಲ. ನಡೀರಿ, ನನಗ ಕಲಿಸಿ ಆಮ್ಯಾಲೆ ಮುಚ್ಚರಿ!"

ಖಾಲಿ ಮೈದಾನಕ್ಕೆ ಹೋದರು. ಅವಳು ಸ್ಟೀರಿಂಗನ್ನು ರೊಟ್ಟಿ ಹಿಟ್ಟು ಹಿಡಿದಂತೆ ಹಿಡಿದು ಹೊರಟಳು. ಎದುರಿಗೆ ಇಟ್ಟಿಗೆಯ ರಾಶಿ. ಮಾಸ್ತರರು ಬಡಿದರು. ಪುಸ್. ಬಡಿದರು. ಪುಸ್. ಇಂದ್ರವ್ವ ನೆಟ್ಟಗೆ ಹೋಗುತ್ತಲೇ ಇದ್ದಳು. ಅವರು ಬ್ರೇಕು ತುಳಿದರು.

"ಯಾಕ್ ಬಡೀಲಿಲ್ರೀ? ಹೆಂಡ್ತಿ ಹೋದ್ರ ಹೋಗಲಿ ಅಂತ ಮಾಡೀರೇನು?"

ಮಾಸ್ತರರು ಅವಳ ಕೈ ಹಿಡಿದರು. ಅವಳ ಬೆರಳನ್ನು ಮಡಚಿ, ಗೆಣ್ಣನ್ನು ತಂದು ನನ್ನ ಮೇಲೆ ಬಡಿದರು. ಪುಸ್.

ಇಂದ್ರವ್ವ ತಾನೇ ಇನ್ನೊಮ್ಮೆ ಬಡಿದು ನೋಡಿದಳು. ಆಮೇಲೆ, "ಅಯ್ಯ ನನ್ನ ಶಿವನ," ಎಂದಳು. "ನಿಮ್ಮ ದನೀ ಮ್ಯಾಲೆ ನಾನ ಹಾಸಿಗಿ ಹಾಸಿಬಿಟ್ಟೇನಲ್ರೀ."

ಬಳೆಯಲ್ಲಿ ಸಿಕ್ಕಿಸಿದ್ದ ಪಿನ್ನು ತೆಗೆದಳು. ಅಷ್ಟು ಮುತುವರ್ಜಿಯಿಂದ ಕೂರಿಸಿದ ಹಾಳೆಯನ್ನು ತಾನೇ ಚೌಕವಾಗಿ ಗೀರಿ, ಫೋಮನ್ನು ಕಿತ್ತಳು. ನನ್ನ ಹಳೆಯ ಬೂದಿ ಮೈ ಗಾಳಿ ಕಂಡಿತು. ಮಾಸ್ತರರು ಹಿಂದೆ ತಿರುಗಿ ದಾರಿ ನೋಡಿ ಬೆರಳು ಮಡಚಿದರು.

ಟಕ್. ಟಕ್. ಟಕ್.

"ಕೇಳಿಸ್ತು," ಎಂದು ಇಂದ್ರವ್ವ ಕಣ್ಣೊರೆಸಿಕೊಂಡು ರಿವರ್ಸ್ ಗೇರು ಹಾಕಿದಳು. ನಾನು ಅಂದಿನಷ್ಟು ಗಟ್ಟಿಯಾಗಿ ಎಂದೂ ನುಡಿದಿಲ್ಲ.

ಸ್ಕೂಲು ಮುಚ್ಚಲಿಲ್ಲ. ಅವಳು ಆ ಚೌಕದ ಅಂಚನ್ನು ಕುಬಸದ ಕೊರಳಿನ ಹಾಗೆ ಅಂದವಾಗಿ ಮಡಚಿ ಅಂಟಿಸಿದಳು. ಮಾಸ್ತರರ ಬೆರಳಿಗೆ ದಿನಾ ರಾತ್ರಿ ಎಣ್ಣೆ ಹಚ್ಚಿದಳು. ತಾನೂ ಕಲಿತು, ಲೈಸೆನ್ಸ್ ಪಡೆದು, ಕಲಿಸುವವಳೂ ಆದಳು.

ಕಾರಿಗೂ ವಯಸ್ಸಾಯಿತು, ಗುಜರಿಯವರು ಬಂದರು. ಇಂದ್ರವ್ವ ನನ್ನೊಬ್ಬನನ್ನು ಬಿಚ್ಚಿಸಿಕೊಂಡಳು. ಈಗ ನಾನು ಅವರ ಮನೆಯಲ್ಲಿ, ಮಾಸ್ತರರ ಮಂಚದ ಪಕ್ಕದ ಗೋಡೆಯಲ್ಲಿದ್ದೇನೆ. ಅವರು ಹೆಚ್ಚು ಏಳುವುದಿಲ್ಲ. ನೀರು ಬೇಕಾದರೂ, ಬೇಸರವಾದರೂ ನನ್ನನ್ನೇ ಬಡಿಯುತ್ತಾರೆ. ತೇಗದ ಹಾಳೆ ಅಲ್ಲಲ್ಲಿ ಎದ್ದಿದೆ. ಚಂದದ ಹೊದಿಕೆಗೆ ಈಗಲೂ ನನಗೆ ಆಸೆಯಿದೆ, ಸುಳ್ಳೇಕೆ. ಆದರೆ ಆ ಬೋಳು ಚೌಕವನ್ನು ಇನ್ನು ಯಾರಿಗೂ ಮುಚ್ಚಗೊಡುವುದಿಲ್ಲ.

ಇಂದು ಬೆಳಿಗ್ಗೆ ಮಾಸ್ತರರಿಗೆ ಮೈ ಹುಷಾರಿರಲಿಲ್ಲ. ಹೊರಗೆ ಕಲಿಯುವವರು ಕಾಯುತ್ತಿದ್ದರು. ಇಂದ್ರವ್ವ ಹೊಸ ಕಾರಿನ ಕೀಲಿ ಹಿಡಿದು ಹೊಸ್ತಿಲಲ್ಲಿ ನಿಂತಳು. "ಇವತ್ತ ನಾ ಹೋಗಂಗಿಲ್ರಿ," ಎಂದಳು.

ಮಾಸ್ತರರು ಕೈ ಎತ್ತಿದರು. ಟಕ್. ಟಕ್. ಮೂರನೆಯದಕ್ಕೆ ಬೆರಳು ಮಡಚಿತು, ಕೈ ಮೇಲೇಳಲಿಲ್ಲ.

ಅವಳು ಕಾದಳು. ನಾನೂ ಕಾದೆ. ಆಮೇಲೆ ಅವಳು ಒಳಗೆ ಬಂದು ಮಂಚದ ಪಕ್ಕ ಬಗ್ಗಿ, ತನ್ನ ಬೆರಳು ಮಡಚಿ, ಅದೇ ಚೌಕದ ಮೇಲೆ ಬಡಿದಳು.

ಟಕ್.

"ತಿಳೀತು ಬಿಡ್ರಿ. ದಾರಿ ಖಾಲಿ ಐತಿ. ಹೋಗಿ ಬರತೇನಿ," ಎಂದು ಅವರ ಹಣೆ ಮುಟ್ಟಿ ನೋಡಿ, ಹೊರಗೆ ಹೋದಳು.