ಹಳದಿ ಅಂಗಿಯ ಮಡಿಕೆ

ಗೋವರ್ಧನ ಬೀಗದ ಕೈ ತಿರುಗಿಸುವಷ್ಟರಲ್ಲಿ ಪಾಪಕ್ಕ ಹೆಣದ ಪಕ್ಕದಿಂದ ಎದ್ದು ಬಂದು ಟ್ರಂಕಿನ ಮೇಲೆ ಕೂತುಬಿಟ್ಟಳು.

"ಅವ್ವ, ಏಳು. ಅಪ್ಪಂದು ಮೆಡಲ್ ತೆಗೀಬೇಕು. ಎದೆ ಮೇಲೆ ಇಡಾನ ಅಂತಾರೆ ಎಲ್ರೂ."

"ಮೆಡಲ್ ದೇವರ ಗೂಡಿನಾಗೈತೆ. ತಗೊಂಡು ಹೋಗು."

ಮಗ ತಾಯಿಯ ಮುಖ ನೋಡಿ, ಕೀಲಿಯನ್ನು ಬೀಗದಲ್ಲೇ ಬಿಟ್ಟು ಹೋದ. ನಡುಮನೆಯಲ್ಲಿ ಸೂರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಮೈಮೇಲೆ ಕರಿ ಕಂಬಳಿ. ಬೆಳಿಗ್ಗೆಯಿಂದ ದೊಡ್ಡಉಳ್ಳಾರ್ತಿಯ ಜನ ಬರುತ್ತಿದ್ದರು, ಸ್ವಲ್ಪ ಹೊತ್ತು ಕೂತು ಏಳುತ್ತಿದ್ದರು. ಟ್ರಂಕು ಇದ್ದ ಕೋಣೆಯಿಂದ ಪಾಪಕ್ಕನಿಗೆ ಗಂಡನ ಮೊಣಕಾಲು ಮಾತ್ರ ಕಾಣುತ್ತಿತ್ತು.

ಸೂರಪ್ಪನ ತಂಗಿ ರಂಗಕ್ಕ ಬಾಗಿಲಲ್ಲಿ ಇಣುಕಿದಳು. "ಬಂದ್ಲು ನೋಡತ್ತಿಗೆ, ನಿನ್ನ ಸವತಿ."

"ಬಾಯಿ ಮುಚ್ಚೇ."

"ನಾನೇನಂದೆ? ಊರೇ ಅಂತೈತೆ. ಗುರುವಾರ ಬಂದ್ರೆ ಸಾಕು, ಇಸ್ತ್ರಿ ಅಂಗಿ ಹಾಕ್ಕೊಂಡು ಹತ್ತು ಗಂಟೆ ಬಸ್ಸಿಗೆ ಹೋಗ್ತಿದ್ದ ನಮ್ಮಣ್ಣ. ಅವನ ಮದುವೆಗೂ ಅಂಗೆ ಹೊರಟಿರ್ಲಿಲ್ಲ."

ಬಂದವಳು ಕಾಂಚನಾ. ಚಳ್ಳಕೆರೆಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು, ಮೂವತ್ತೈದು ದಾಟಿದವಳು. ಎಪ್ಪತ್ತೊಂದರ ಯುದ್ಧದಲ್ಲಿ ಸಮುದ್ರಕ್ಕೆ ಬಿದ್ದವರನ್ನು ಎತ್ತಿ ತರುತ್ತಿದ್ದ ಒಂದು ಹೆಲಿಕಾಪ್ಟರ್ ದಳದ ಚರಿತ್ರೆ ಬರೆಯುತ್ತಿದ್ದಳು. ಹಾರಿದವರ ಬಗ್ಗೆ ಅವಳಿಗೆ ಕಾಗದಪತ್ರ ಸಿಕ್ಕಿತ್ತು. ನೆಲದ ಮೇಲೆ ನಿಂತು, ಹಾರುವವರ ಲೈಫ್ ಜಾಕೆಟ್ ಮಡಿಸಿಕೊಟ್ಟವರಲ್ಲಿ ಸಿಕ್ಕವನು ಸೂರಪ್ಪ ಒಬ್ಬನೇ. ಹದಿನಾಲ್ಕು ಗುರುವಾರ ಅವನು ಅವಳ ಮುಂದೆ ಕೂತು ಮಾತಾಡಿದ್ದ. ಪಾಪಕ್ಕನ ಜೊತೆ ಐವತ್ತು ವರ್ಷದಲ್ಲಿ ಆಡಿದ್ದನ್ನೆಲ್ಲ ಒಟ್ಟು ಸೇರಿಸಿದರೂ ಒಂದು ಗುರುವಾರ ತುಂಬುತ್ತಿತ್ತೋ ಇಲ್ಲವೋ. ಉಪ್ಪು ಕಮ್ಮಿ. ಕುರಿ ಬಂದ್ವಾ. ದೀಪ ಆರಿಸು.

ಕಾಂಚನಾ ಹಾರ ಹಾಕಿ, ಕೈಮುಗಿದು, ಕೋಣೆಗೆ ಬಂದಳು. ಅತ್ತು ಅತ್ತು ಅವಳ ಕಣ್ಣು ಕೆಂಪಾಗಿದ್ದವು. ಪಾಪಕ್ಕನಿಗೆ ಅದೂ ಸರಿಬರಲಿಲ್ಲ. ತನಗಿನ್ನೂ ಅಳು ಬಂದಿರಲಿಲ್ಲ.

"ಅಮ್ಮ, ಈ ಹೊತ್ತಲ್ಲಿ ಕೇಳಬಾರದು. ಆದ್ರೂ... ಆ ಲೈಫ್ ಜಾಕೆಟ್ ಇದೇ ಟ್ರಂಕಲ್ಲಿದೆಯಾ? ಬರೋ ಗುರುವಾರ ತಂದು ಮಡಿಸಿ ತೋರಿಸ್ತೀನಿ ಅಂದಿದ್ರು ತಾತ. ಬಾಯಲ್ಲಿ ಹೇಳಿದ್ರು, ನನಗೆ ತಿಳೀಲಿಲ್ಲ."

"ತಾತ ಮಂಗಳವಾರಾನೇ ಹೋದ್ರಲ್ಲ" ಎಂದಳು ಪಾಪಕ್ಕ. ಟ್ರಂಕಿನಿಂದ ಏಳಲಿಲ್ಲ.

*

ಪ್ರತಿ ಡಿಸೆಂಬರಿನಲ್ಲಿ ಒಂದು ದಿನ, ಬೆಳಕು ಹರಿಯುವಾಗ, ಸೂರಪ್ಪ ಆ ಟ್ರಂಕು ತೆಗೆಯುತ್ತಿದ್ದ. ಒಳಗಿದ್ದದ್ದು ಕೆಲಸ ಬಿಟ್ಟು ಬರುವಾಗ ತಂದ ಹಳದಿ ರಬ್ಬರಿನ ಅಂಗಿ. ಹಳತಾಯಿತೆಂದು ಅಲ್ಲಿ ಎಸೆದಿದ್ದನ್ನು ಕೇಳಿ ತಂದಿದ್ದನಂತೆ. ಅಂಗಳದಲ್ಲಿ ಹಾಸಿ, ಅದರ ನಳಿಗೆಗೆ ಬಾಯಿಟ್ಟು ಊದಿ ಉಬ್ಬಿಸುತ್ತಿದ್ದ. ಕಿವಿಯ ಹತ್ತಿರ ಹಿಡಿದು, ಗಾಳಿ ಸೋರುವ ಸದ್ದಿದೆಯೇ ಎಂದು ಕಣ್ಣು ಮುಚ್ಚಿ ಕೇಳುತ್ತಿದ್ದ. ಆಮೇಲೆ ಮುಂಗೈಯಿಂದ ಒತ್ತಿ ಗಾಳಿ ಬಿಟ್ಟು ಮಡಿಸುತ್ತಿದ್ದ. ಒಬ್ಬರಿಂದ ಆಗುವ ಮಡಿಕೆಯಲ್ಲ ಅದು.

"ಲೇ, ಆ ತುದಿ ಹಿಡಿ."

ಪಾಪಕ್ಕ ಹಿಡಿಯುತ್ತಿದ್ದಳು. ಎರಡು ಮಡಿಕೆ ಒಳಕ್ಕೆ, ಒಂದು ಹೊರಕ್ಕೆ, ಕೊರಳಿನ ಭಾಗ ಕೊನೆಗೆ. ಯಾಕೆ ಎಂದು ಒಂದು ವರ್ಷವೂ ಕೇಳಲಿಲ್ಲ. ಕುರಿ ಬಿಡುವ ಹೊತ್ತಾಗಿರುತ್ತಿತ್ತು.

ಹೋದ ತಿಂಗಳು ಅವನಿಗೆ ಕೆಮ್ಮು. ಊದಿದ, ಕೆಮ್ಮಿದ, ಗೋಡೆ ಹಿಡಿದು ಕೂತ, ಮತ್ತೆ ಊದಿದ.

"ಸಾಕು ಬಿಡ್ರಿ" ಎಂದು ಅವಳೇ ಅವಸರ ಮಾಡಿದಳು. ಅವನು ನಳಿಗೆಯ ತಿರುಪು ಬಿಗಿದ. ಗಾಳಿ ಇನ್ನೂ ಒಳಗಿರುವಾಗಲೇ ಅಂಗಿ ಟ್ರಂಕಿಗೆ ಹೋಯಿತು.

"ಮಡಿಕೆ ಸರಿಯಾಗ್ಲಿಲ್ಲ ಕಣೇ" ಎಂದಿದ್ದ. "ನಾಳೆ ಮಾಡಾನ."

*

"ಅಷ್ಟೊಂದು ಏನು ಹೇಳಿದ್ರು ನಿನಗೆ?" ಪಾಪಕ್ಕ ಕೇಳಿದಳು.

ಕಾಂಚನಾ ಫೋನು ತೆಗೆದಳು. "ಅವರ ದನೀನೇ ಇದೆ. ಸಣ್ಣಗೆ ಇಡ್ತೀನಿ."

"ಅಯ್ಯೋ ಶಿವನೇ, ಹೆಣ ಆಚೆ ಕೂತೈತೆ, ಮಾತು ಒಳಗೆ ಕೇಳ್ತೀರಾ?" ಎಂದ ರಂಗಕ್ಕ, ಬಾಗಿಲು ಮುಂದೆ ಮಾಡಿ, ತಾನೂ ಬಂದು ಫೋನಿನ ಹತ್ತಿರ ಕೂತಳು.

ಸೂರಪ್ಪ ಕೆಮ್ಮಿದ. ಆಮೇಲೆ ಮಾತಾಡಿದ.

"ನಮ್ಮ ಸೆಕ್ಷನ್ನಾಗೆ ಒಂದು ಕಾನೂನಿತ್ತವ್ವ. ತಿಂಗಳಿಗೊಂದು ಸಲ, ಮಡಿಸಿಟ್ಟಿದ್ದರಾಗೆ ಯಾವ್ದಾದ್ರೂ ಒಂದು ಅಂಗಿ ಸಾಹೇಬ್ರು ಎತ್ತೋರು. ಮಡಿಸಿದೋನೇ ಅದನ್ನ ಹಾಕ್ಕೊಂಡು ಸಮುದ್ರಕ್ಕೆ ನೆಗೀಬೇಕು. ನನಗೆ ಈಜು ಎಲ್ಲಿ ಬರ್ತೈತೆ? ಕುರಿ ಮೇಯೋ ನಮ್ಮ ಕಾವಲಾಗೆ ಅವುಗಳ ಮೈ ತೊಳಿಯಾಕೂ ನೀರಿಲ್ಲ. ಎಂಟು ಸಲ ನೆಗೆದೆ. ಎಂಟು ಸಲಾನೂ ಉಬ್ತು."

"ಯುದ್ಧದ ಸಮಯದಲ್ಲಿ?" ಕಾಂಚನಾಳ ದನಿ.

"ಡಿಸೆಂಬರ್‌ನಾಗೆ ಒಂದಿನ ಮೂರು ಜನ ನೀರಿಗೆ ಬಿದ್ರು. ಹೊತ್ತು ಹುಟ್ಟಾ ಹೊತ್ತಿಗೆ ಹೆಲಿಕಾಪ್ಟರು ಇಬ್ಬರನ್ನ ತಂತು. ಇನ್ನೊಬ್ಬ ಹುಡುಗ ಸಿಗ್ಲಿಲ್ಲ. ಮೂರೂ ನಾನೇ ಮಡಿಸಿದ್ದು. ಅವನದು ಉಬ್ತೋ ಇಲ್ವೋ..." ಚಹಾ ಲೋಟ ಕೆಳಗಿಟ್ಟ ಸದ್ದು. "ಗೊತ್ತಾಗ್ಲೇ ಇಲ್ಲ ಕಣವ್ವ."

ರಂಗಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಪಾಪಕ್ಕನ ಕೈ ಟ್ರಂಕಿನ ಮುಚ್ಚಳದ ಮೇಲೆ ಅತ್ತಿಂದಿತ್ತ ಆಡುತ್ತಿತ್ತು.

"ಇದನ್ನ ನನಗ್ಯಾಕೆ ಹೇಳ್ಲಿಲ್ಲ?"

"ನಾನು ಕೇಳಿದೆನಲ್ಲಮ್ಮ, ಅದಕ್ಕೆ..." ಎಂದ ಕಾಂಚನಾ, ಹೇಳಬಾರದಿತ್ತು ಎನಿಸಿ ತಲೆ ತಗ್ಗಿಸಿದಳು.

ಪಾಪಕ್ಕ ಮತ್ತೆ ಕೇಳಿದಳು: "ಹದಿನಾಲ್ಕು ವಾರದಾಗೆ ಎಲ್ಲಾದ್ರೂ ನನ್ನ ಹೆಸ್ರು ಬಂತಾ?"

ಸುಳ್ಳು ಹೇಳಬಹುದಿತ್ತು. ಕಾಂಚನಾ ಹೇಳಲಿಲ್ಲ. "ಹೆಸರು ಬಂದಿಲ್ಲಮ್ಮ. ಆದ್ರೆ..." ಫೋನಿನ ಮೇಲೆ ಬೆರಳಾಡಿಸಿ ಮಾತಿನ ತೀರಾ ಕೊನೆಗೆ ಹೋದಳು. ಕುರ್ಚಿ ಸರಿದ ಸದ್ದು. "ಸಾಕು ಬಿಡವ್ವ. ಮನೇವ್ಳು ಕಾಯ್ತಿರ್ತಾಳೆ." ಇನ್ನೊಂದು ಗುರುವಾರ ತೆಗೆದಳು. ಮತ್ತೆ ಕುರ್ಚಿ. "ಬಸ್ಸು ತಪ್ಪಿದ್ರೆ ಕಷ್ಟ, ಮನೇವ್ಳು ಕಾಯ್ತಿರ್ತಾಳೆ."

"ಎಲ್ಲದರ ಕೊನೆಗೂ ಇದೆ. ಬರೆದುಕೊಳ್ಳುವಾಗ ಬಿಟ್ಟುಬಿಟ್ಟಿದ್ದೆ. ಚರಿತ್ರೆಗೆ ಬೇಕಾಗಲ್ಲ ಅಂತ."

"ಹದಿನಾಲ್ಕರಾಗೂ?"

"ಹೂಂ. ಈಗ ಸೇರಿಸ್ತೀನಿ."

"ಬ್ಯಾಡ" ಎಂದಳು ಪಾಪಕ್ಕ ತಟ್ಟನೆ. "ಉಳಿದಿದ್ದೆಲ್ಲ ನೀನು ತಗೊಂಡಿದೀಯ. ಅದು ನನಗಿರ್ಲಿ."

ಹೊರಗಿನಿಂದ ಗೋವರ್ಧನ ಬಾಗಿಲು ತಟ್ಟಿದ. "ಅವ್ವ, ಹೊತ್ತಾಯ್ತಂತೆ. ಎತ್ತಬೇಕು."

ಪಾಪಕ್ಕ ಎದ್ದು ಕೀಲಿ ತಿರುಗಿಸಿದಳು. "ತಡೀರಿ. ಈ ಅಂಗೀನೂ ಅವರ ಜೊತೆ ಹೋಗ್ತೈತೆ. ಅರೆಬರೆ ಮಡಿಕೆ ಇಟ್ಟು ಕಳಿಸಂಗಿಲ್ಲ."

"ಅಮ್ಮ, ಮಡಿಸೋದು ನಿಮಗೆ ಗೊತ್ತಾ?" ಕಾಂಚನಾ ಮುಂದೆ ಬಂದಳು. "ಒಂದೇ ಒಂದು ವಿಡಿಯೋ..."

"ಆಚೆ ಹೋಗ್ರಿ ಇಬ್ಬರೂ."

ಬಾಗಿಲು ಹಾಕಿ ಪಾಪಕ್ಕ ಅಂಗಿಯನ್ನು ನೆಲಕ್ಕೆ ಹಾಸಿದಳು. ಇಷ್ಟು ವರ್ಷ ಅವನು ಮಂಡಿಯೂರುತ್ತಿದ್ದ ಕಡೆ ಮಂಡಿಯೂರಿದಳು. ಈ ತುದಿ ಎಳೆದರೆ ಆ ತುದಿ ಜಾರಿತು. ಅದರ ಮೇಲೆ ತಂಬಿಗೆ ಇಟ್ಟಳು. ತಂಬಿಗೆ ಉರುಳಿತು. ಗೋಡೆಗೆ ಒತ್ತಿ ನೋಡಿದಳು. ಆಗಲಿಲ್ಲ. ಹೊರಗೆ ತಮಟೆ ಶುರುವಾಯಿತು.

ಬಾಗಿಲು ತೆಗೆದಳು.

"ಫೋನು ರಂಗಕ್ಕನ ಕೈಗೆ ಕೊಟ್ಟು, ನೀನೊಬ್ಬಳೇ ಬಾ."

ಕಾಂಚನಾ ಬಂದು, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತಳು. ತಾನು ಇಷ್ಟು ವರ್ಷ ಕೂತಿದ್ದ ಜಾಗವನ್ನು ಪಾಪಕ್ಕ ಗದ್ದದಿಂದ ತೋರಿಸಿದಳು.

"ಆ ತುದಿ ಹಿಡಿ. ಬಿಗಿಯಾಗಿ."

ಎರಡು ಮಡಿಕೆ ಒಳಕ್ಕೆ. ಒಂದು ಹೊರಕ್ಕೆ. ಕೊರಳಿನ ಭಾಗ ಮಾತ್ರ ದಿಂಬಿನಂತೆ ಉಬ್ಬಿಕೊಂಡು ಮೇಲೇಳುತ್ತಿತ್ತು. ಪಾಪಕ್ಕ ನಳಿಗೆಯ ತಿರುಪು ಸಡಿಲಿಸಿ, ಮುಂಗೈಯಿಂದ ಒತ್ತಿದಳು. ಗಾಳಿ ಅವಳ ಮಣಿಕಟ್ಟಿಗೆ ತಾಗಿತು. ಹೋದ ತಿಂಗಳು ಅವನು ಊದಿದ ಗಾಳಿ. ಕೈ ಅಲ್ಲೇ ನಿಂತಿತು.

"ಏನಾಯ್ತಮ್ಮ?"

ಪಾಪಕ್ಕ ಹೆಬ್ಬೆರಳಿನಿಂದ ನಳಿಗೆಯ ಬಾಯಿ ಮುಚ್ಚಿದಳು. ಕಾಂಚನಾಳ ಕೈಯಿಂದ ಆ ತುದಿಯನ್ನು ಬಿಡಿಸಿಕೊಂಡು, ಅವಳಿಗೆ ಬೆನ್ನು ತಿರುಗಿಸಿ, ಅಂಗಿಯನ್ನು ಕಿವಿಯ ಹತ್ತಿರ ಹಿಡಿದಳು.