ಶ್ರುತಿ ಏರಿಸಿದವಳು

ಅಕ್ಕತಂಗಿಯರಿಬ್ಬರು ನಡೆಸುವ ಹೊಲಿಗೆ ಅಂಗಡಿಯಲ್ಲಿ ಅಂದು ಟೀವಿಯ ಹಾಸ್ಯ ಧಾರಾವಾಹಿಯದೇ ಮಾತು. ಜೋಡಿಯಾಗಿ ಹಾಡುವ ಅಕ್ಕತಂಗಿಯರ ಕಥೆ ಅದು.

“ಆ ತಂಗಿ ಮೇಲಿನ ಸ್ವರಕ್ಕೆ ಹೋದ್ರೆ ಸಾಕು, ಗಂಟಲು ಕೈಕೊಡತ್ತೆ. ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯ್ತು ಕಣ್ರೀ,” ಎಂದರು ಅಳತೆ ಕೊಡುತ್ತಿದ್ದ ಟೀಚರು.

ಅಳತೆಪಟ್ಟಿ ಹಿಡಿದ ಅಕ್ಕನ ಕೈ ನಿಂತಿತು. ಮೂಲೆಯಲ್ಲಿ ಗುಂಡಿ ಹಚ್ಚುತ್ತಿದ್ದ ತಂಗಿ ತಲೆ ಎತ್ತಲಿಲ್ಲ. ಇಪ್ಪತ್ತು ವರ್ಷಗಳ ಹಿಂದೆ ಇವರಿಬ್ಬರೂ ಹಾಡಿದಾಗ ಸಭೆ ಹೀಗೇ ನಕ್ಕಿತ್ತು. ಅಂದಿನಿಂದ ತಂಗಿ ದೇವರ ಮುಂದೆಯೂ ಹಾಡಿದವಳಲ್ಲ.

“ತಪ್ಪು ತಂಗೀದಲ್ಲ, ಟೀಚರೇ,” ಎಂದಳು ಅಕ್ಕ. “ಅವಳಿಗೆ ಎಟುಕಲ್ಲ ಅಂತ ಗೊತ್ತಿದ್ದೂ ಅಕ್ಕ ತನ್ನ ಗಂಟಲಿಗೆ ಹೊಂದೋ ಹಾಗೆ ಶ್ರುತಿ ಏರಿಸಿದಳು.”

“ಅದನ್ನ ಯಾವಾಗ ತೋರಿಸಿದ್ರು?”

“ಟೀವೀಲಲ್ಲ. ನಾನು ಮಾಡಿದ್ದು ಹೇಳ್ತಿದೀನಿ.”

“ಗೊತ್ತಿತ್ತು ಕಣಕ್ಕ,” ಎಂದಳು ತಂಗಿ, ದಾರ ಕಡಿಯುತ್ತ. “ನೀನಾಗೇ ಹೇಳ್ತೀಯ ಅಂತ ಕಾದೂ ಕಾದೂ ನನ್ನ ತಲೆ ನರೀತು.”